ಊರಿನ ಫುಟ್‌ಬಾಲ್ ಕ್ಲಬ್ಬಿಗೆ ಜನ ಸೇರುವ ಬಗೆ: ಕೊಡಗಿನಿಂದ ಒಂದು ವಿವರಣೆ

ಕೊಡಗಿನವರಿಗೆ ಆಟ ನೋಡುವ ಆಸಕ್ತಿಯಿಲ್ಲ ಎಂದು ಯಾರಾದರೂ ಹೇಳಿದರೆ ನಂಬುವುದು ಕಷ್ಟ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬಗಳ ತಂಡಗಳನ್ನು ಸೇರಿಸಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವವು 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಿಗೂ, 2025ರಲ್ಲಿ ಮಡಿಕೇರಿಯಲ್ಲಿ 396 ತಂಡಗಳಿಗೂ ಬೆಳೆದಿದೆ. ಅಂತಿಮ ಪಂದ್ಯದ ದಿನ ಗ್ಯಾಲರಿಯಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಅದೇ ಜಿಲ್ಲೆಯಲ್ಲಿ ಒಂದು ಭಾನುವಾರ ಮಧ್ಯಾಹ್ನ ಊರಿನ ಫುಟ್‌ಬಾಲ್ ಕ್ಲಬ್ ತನ್ನ ಮೈದಾನದಲ್ಲಿ ಪಂದ್ಯ ಆಡುವಾಗ ಬದಿಯಲ್ಲಿ ನಿಲ್ಲಿಸಿದ ಬೈಕುಗಳ ಸಂಖ್ಯೆ ನೋಡುಗರ ಸಂಖ್ಯೆಗಿಂತ ಹೆಚ್ಚಾಗಿರುವುದನ್ನು, ಅವುಗಳಲ್ಲಿ ಹೆಚ್ಚಿನವು ಆಟಗಾರರದೇ ಆಗಿರುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಜನರೂ ಅವರೇ, ಮೈದಾನಗಳೂ ಬಹುಮಟ್ಟಿಗೆ ಅವೇ. ಹಾಗಿದ್ದೂ ಇಷ್ಟು ಅಂತರವೇಕೆ ಎಂಬುದನ್ನು ಬಿಡಿಸಿ ನೋಡಿದರೆ, ಕ್ಲಬ್ಬೊಂದಕ್ಕೆ ಅಭಿಮಾನಿಗಳು ಹುಟ್ಟುವ ಬಗೆ ಅರ್ಥವಾಗುತ್ತದೆ.

ಮೊದಲಿಗೆ ಒಂದು ಭೇದವನ್ನು ಗುರುತಿಸಬೇಕು. ಜಾತ್ರೆಗೆ ಜನ ಸೇರುವುದು ಒಂದು ಬಗೆ, ಸಂತೆಗೆ ಸೇರುವುದು ಇನ್ನೊಂದು ಬಗೆ. ಜಾತ್ರೆ ವರ್ಷಕ್ಕೊಮ್ಮೆ ಬರುತ್ತದೆ, ಅಪರೂಪವೇ ಅದರ ಆಕರ್ಷಣೆ. ದೂರದಲ್ಲಿರುವವರೂ ಅದಕ್ಕಾಗಿ ರಜೆ ಹಾಕಿ ಬರುತ್ತಾರೆ. ಸಂತೆ ಪ್ರತಿವಾರ ನಡೆಯುತ್ತದೆ, ಅಲ್ಲಿಗೆ ಜನ ಅಭ್ಯಾಸಬಲದಿಂದ ಹೋಗುತ್ತಾರೆ. ಸುಂಟಿಕೊಪ್ಪದ ಗೋಲ್ಡ್ ಕಪ್‌ನಂತಹ ಪಂದ್ಯಾವಳಿಗಳಿಗೆ ಕೊಡಗಿನ ಫುಟ್‌ಬಾಲ್ ಪ್ರಿಯರು ನೆರೆಯುವುದು ಜಾತ್ರೆಯ ಲೆಕ್ಕಕ್ಕೆ ಬರುತ್ತದೆ. ಹೊರ ಊರುಗಳ ಬಲಿಷ್ಠ ತಂಡಗಳು ಬರುತ್ತವೆ, ಸೋತವರು ಅಂದೇ ಮನೆಗೆ ಹೋಗುತ್ತಾರೆ, ಕೆಲವೇ ದಿನಗಳಲ್ಲಿ ಎಲ್ಲವೂ ಮುಗಿಯುತ್ತದೆ. ಕ್ಲಬ್ಬಿನ ಪಾಡು ಸಂತೆಯದು. ವರ್ಷದಲ್ಲಿ ಹತ್ತೋ ಹದಿನೈದೋ ಬಾರಿ ಅದೇ ಮೈದಾನಕ್ಕೆ ಅದೇ ಜನರನ್ನು ಅದು ಕರೆತರಬೇಕು. ಆದರೆ ನಮ್ಮ ಕ್ಲಬ್ಬುಗಳು ಸಂತೆಯನ್ನು ನಡೆಸಲು ಹೊರಟು ಜಾತ್ರೆಯ ಉಪಾಯಗಳನ್ನೇ ಬಳಸುತ್ತವೆ: ಬ್ಯಾನರು, ಆಟೋದಲ್ಲಿ ಧ್ವನಿವರ್ಧಕ, ಮುಖ್ಯ ಅತಿಥಿ, ಅವರ ಭಾಷಣ.

ಈ ಭೇದಕ್ಕೆ ದೇಶದ ಮಟ್ಟದಲ್ಲಿಯೇ ಒಂದು ಉದಾಹರಣೆಯಿದೆ. 2018ರ ಜೂನ್ 1ರಂದು ಮುಂಬೈಯಲ್ಲಿ ಭಾರತ ತಂಡವು ಚೈನೀಸ್ ತೈಪೆಯನ್ನು 5-0 ಗೋಲುಗಳಿಂದ ಸೋಲಿಸಿದಾಗ ಕ್ರೀಡಾಂಗಣದಲ್ಲಿದ್ದವರು 2,569 ಮಂದಿ. ಮರುದಿನ ನಾಯಕ ಸುನಿಲ್ ಛೆಟ್ರಿ ವಿಡಿಯೊ ಮೂಲಕ, ಬೈಯುವುದಕ್ಕಾದರೂ ಬನ್ನಿ, ಆದರೆ ಮೈದಾನಕ್ಕೆ ಬನ್ನಿ ಎಂದು ಜನರನ್ನು ಬೇಡಿಕೊಂಡರು. ಜೂನ್ 4ರಂದು ಕೀನ್ಯಾ ವಿರುದ್ಧ ನಡೆದ ಪಂದ್ಯ ಛೆಟ್ರಿಯವರ ನೂರನೆಯದು. ಅದರ ಟಿಕೆಟ್‌ಗಳೆಲ್ಲ ಮಾರಾಟವಾದವು. ಆ ಕರೆ ಪ್ರಾಮಾಣಿಕವಾಗಿತ್ತು, ಫಲವನ್ನೂ ಕೊಟ್ಟಿತು. ಆದರೆ ಪ್ರತಿ ಪಂದ್ಯಕ್ಕೂ ಹೀಗೆ ಬೇಡಿಕೊಳ್ಳಲು ಯಾವ ನಾಯಕನಿಗೂ ಸಾಧ್ಯವಿಲ್ಲ. ಕರೆಯದೆಯೂ ಬರುವವರ ಸಂಖ್ಯೆಯೇ ಕ್ಲಬ್ಬಿನ ನಿಜವಾದ ಆಸ್ತಿ.

ಕರೆಯದೆ ಬರುವವರು ಹೇಗೆ ಉಂಟಾಗುತ್ತಾರೆ? ಕ್ರೀಡಾ ಅಭಿಮಾನವನ್ನು ಅಧ್ಯಯನ ಮಾಡಿದ ಡೇನಿಯಲ್ ಫಂಕ್ ಮತ್ತು ಜೆಫ್ರಿ ಜೇಮ್ಸ್ 2001ರಲ್ಲಿ ಇದನ್ನು ನಾಲ್ಕು ಮೆಟ್ಟಿಲುಗಳಾಗಿ ವಿವರಿಸಿದರು. ಇಂತಹ ತಂಡವೊಂದು ಇದೆ ಎಂಬ ಅರಿವು ಮೊದಲನೆಯದು, ಅದರ ಆಟ ನೋಡಬೇಕೆಂಬ ಆಕರ್ಷಣೆ ಎರಡನೆಯದು, ಅದು ನನ್ನದು ಎಂಬ ಅಂಟು ಮೂರನೆಯದು, ಸೋತರೂ ಬಿಟ್ಟುಹೋಗದ ನಿಷ್ಠೆ ನಾಲ್ಕನೆಯದು. ಬ್ಯಾನರು ಮತ್ತು ಧ್ವನಿವರ್ಧಕ ಮೊದಲ ಮೆಟ್ಟಿಲಿಗಷ್ಟೇ ಸಾಲುತ್ತವೆ. ಹೊರ ರಾಜ್ಯದಿಂದ ದುಡ್ಡು ಕೊಟ್ಟು ಕರೆಸಿದ ಒಳ್ಳೆಯ ಆಟಗಾರ ಜನರನ್ನು ಎರಡನೆಯದಕ್ಕೆ ಏರಿಸಬಲ್ಲ. ಆದರೆ ಎರಡರಿಂದ ಮೂರಕ್ಕೆ ಏರುವುದೇ ಕಠಿಣ, ಏಕೆಂದರೆ ಅಲ್ಲಿ ಆಟದ ಗುಣಮಟ್ಟಕ್ಕಿಂತ ಸಂಬಂಧ ಮುಖ್ಯವಾಗುತ್ತದೆ.

ಹಾಕಿ ನಮ್ಮೆಯ, ಅಂದರೆ ಆ ಹಾಕಿ ಉತ್ಸವದ, ಗುಟ್ಟು ಈ ಮೂರನೆಯ ಮೆಟ್ಟಿಲಿನಲ್ಲಿದೆ. ಅಲ್ಲಿಗೆ ಬರುವವನು ಮೊದಲ ಚೆಂಡು ಉರುಳುವ ಮುನ್ನವೇ ಒಂದು ತಂಡಕ್ಕೆ ಸೇರಿದವನು, ಏಕೆಂದರೆ ತಂಡವೇ ಅವನ ಒಕ್ಕ, ಅಂದರೆ ಮನೆತನ. ಅಜ್ಜ, ಸೊಸೆ, ಶಾಲೆಗೆ ಹೋಗುವ ಹುಡುಗಿ ಒಂದೇ ತಂಡದಲ್ಲಿ ಆಡುವ ಅವಕಾಶವಿರುವುದರಿಂದ ಬದಿಯಲ್ಲಿ ನಿಂತವನ ಪಾಲಿಗೆ ಮೈದಾನದಲ್ಲಿರುವವರು ಬಂಧುಗಳು. ಪಾಸು ತಪ್ಪಿದರೆ ಹೆಸರು ಹಿಡಿದು ಕೂಗಬಲ್ಲ. ಅಂಟು ಹುಟ್ಟಿನಿಂದಲೇ ಬಂದಿರುವಾಗ ಅರಿವು ಮತ್ತು ಆಕರ್ಷಣೆಗಾಗಿ ಯಾರೂ ಹೆಣಗಬೇಕಾಗಿಲ್ಲ. ಫುಟ್‌ಬಾಲ್ ಕ್ಲಬ್ಬಿಗೆ ಈ ಸೌಲಭ್ಯವಿಲ್ಲ. ಸಿದ್ದಾಪುರ, ಸುಂಟಿಕೊಪ್ಪ, ವಿರಾಜಪೇಟೆಯ ಕಡೆ ಒಂದು ತಂಡದಲ್ಲಿ ಮಲಯಾಳ ಮಾತನಾಡುವ ಹುಡುಗನೂ, ಅರೆಭಾಷೆಯವನೂ, ಕೊಡವನೂ, ತೋಟದ ಲೈನ್ ಮನೆಯಲ್ಲಿ ತಮಿಳು ಮಾತನಾಡುತ್ತ ಬೆಳೆದವನೂ ಒಟ್ಟಿಗೆ ಆಡುತ್ತಾರೆ. ಇವರನ್ನೆಲ್ಲ ಒಂದು ಮನೆತನದ ಹೆಸರು ಹಿಡಿದಿಡಲಾರದು. ಆದರೆ ಇವರೆಲ್ಲರೂ ಒಟ್ಟಿಗೆ ಕಾಲ ಕಳೆದ ಒಂದು ಜಾಗವಿದೆ, ಅದು ಶಾಲೆ. ಕ್ಲಬ್ಬಿಗೆ ಒಕ್ಕದಂತೆ ಒದಗಬಲ್ಲದ್ದು ಶಾಲೆಯೇ ಎಂಬುದು ನನ್ನ ಅಭಿಪ್ರಾಯ.

ಶಾಲೆಯತ್ತ ಹೋಗುವುದಕ್ಕೆ ವಯಸ್ಸಿನ ಕಾರಣವೂ ಇದೆ. ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳ ಫೇಸ್‌ಬುಕ್ ಮಾಹಿತಿಯನ್ನು 2014ರಲ್ಲಿ ವಿಶ್ಲೇಷಿಸಿದ ಸೇಥ್ ಸ್ಟೀಫನ್ಸ್-ಡೇವಿಡೊವಿಟ್ಜ್ ಅವರಿಗೆ, ಗಂಡಸರು ದೊಡ್ಡವರಾದ ಮೇಲೂ ಯಾವ ತಂಡವನ್ನು ಬೆಂಬಲಿಸುತ್ತಾರೆ ಎಂಬುದು ಅವರು ಸುಮಾರು ಎಂಟು ವರ್ಷದ ಹುಡುಗರಾಗಿದ್ದಾಗ ಯಾವ ತಂಡ ಗೆದ್ದಿತ್ತು ಎಂಬುದರೊಂದಿಗೆ ಎದ್ದುಕಾಣುವಂತೆ ತಳುಕು ಹಾಕಿಕೊಂಡಿರುವುದು ಕಂಡುಬಂದಿತು. ಹೆಂಗಸರಲ್ಲಿ ಈ ನಂಟು ಅಷ್ಟು ಬಲವಾಗಿರಲಿಲ್ಲ. ಆಟ ಬೇರೆ, ದೇಶ ಬೇರೆ ಎಂಬ ಎಚ್ಚರವನ್ನು ಇಟ್ಟುಕೊಂಡೇ ಹೇಳುವುದಾದರೆ, ಹದಿನೆಂಟರ ಯುವಕನನ್ನು ಒಲಿಸಿಕೊಳ್ಳಲು ಹೊರಟ ಕ್ಲಬ್ ಆಗಲೇ ಹತ್ತು ವರ್ಷ ತಡ ಮಾಡಿರುತ್ತದೆ. ಆ ಯುವಕನ ಮೈಮೇಲೆ ಬಾರ್ಸಿಲೋನಾದ್ದೋ ಮ್ಯಾಂಚೆಸ್ಟರಿನದ್ದೋ ಅಂಗಿ ಬಂದಾಗಿರುತ್ತದೆ. ಮೂರನೇ ತರಗತಿಯ ಮಗುವಿನ ಮನಸ್ಸಿನಲ್ಲಿ ಮಾತ್ರ ಜಾಗ ಇನ್ನೂ ಖಾಲಿ.

ಮಗುವನ್ನು ಕರೆತರುವುದು ಎಂದರೆ ನೂರು ಮಕ್ಕಳನ್ನು ವ್ಯಾನಿನಲ್ಲಿ ತುಂಬಿಕೊಂಡು ಬಂದು ಗ್ಯಾಲರಿಯಲ್ಲಿ ಕೂರಿಸುವುದು ಎಂದು ತಿಳಿಯಬಾರದು. ಹಾಗೆ ಕೂರಿಸಿದ ಮಕ್ಕಳು ಇಪ್ಪತ್ತು ನಿಮಿಷದ ಬಳಿಕ ಆಟ ಬಿಟ್ಟು ಐಸ್‌ಕ್ಯಾಂಡಿ ಮಾರುವವನತ್ತ ನೋಡುತ್ತಿರುತ್ತಾರೆ, ಅದು ಅವರ ತಪ್ಪೂ ಅಲ್ಲ. ಮಗುವಿಗೆ ಪಂದ್ಯದೊಳಗೆ ಒಂದು ಕೆಲಸ ಬೇಕು. ಗೆರೆ ದಾಟಿದ ಚೆಂಡನ್ನು ತಂದುಕೊಡುವ ಕೆಲಸಕ್ಕೆ ಪ್ರತಿ ಪಂದ್ಯಕ್ಕೂ ಬೇರೆ ಶಾಲೆಯ ಎಂಟು ಮಕ್ಕಳನ್ನು ನೇಮಿಸಬಹುದು. ತಂಡ ಮೈದಾನಕ್ಕೆ ಇಳಿಯುವಾಗ ಆಟಗಾರರ ಕೈ ಹಿಡಿದು ನಡೆಯಲು ಇನ್ನು ಹನ್ನೊಂದು ಮಕ್ಕಳು ಬೇಕಾಗುತ್ತಾರೆ. ವಿರಾಮದ ಹದಿನೈದು ನಿಮಿಷ ಎರಡು ಶಾಲೆಗಳ ಪುಟ್ಟ ತಂಡಗಳು ಅರ್ಧ ಮೈದಾನದಲ್ಲಿ ಐದೈದು ಮಂದಿಯ ಪಂದ್ಯ ಆಡಿದರೆ ಹತ್ತು ಮಕ್ಕಳಿಗೆ ತಾವೂ ಇಲ್ಲಿ ಆಡಿದ್ದೇವೆ ಎಂಬ ನೆನಪು ಉಳಿಯುತ್ತದೆ. ಒಟ್ಟು ಇಪ್ಪತ್ತೊಂಬತ್ತು ಮಕ್ಕಳಾದರು. ಅವರಲ್ಲಿ ಪ್ರತಿಯೊಬ್ಬರ ಜೊತೆ ಅಪ್ಪನೋ ಅಮ್ಮನೋ ಒಬ್ಬರೇ ಬಂದರೂ ಸುಮಾರು ಅರವತ್ತು ಜನರಾಗುತ್ತಾರೆ, ತಮ್ಮನೋ ತಂಗಿಯೋ ಬಂದರೆ ಇನ್ನೂ ಹೆಚ್ಚು. ಊರಿನ ಪಂದ್ಯಕ್ಕೆ ಇದು ಸಣ್ಣ ಸಂಖ್ಯೆಯಲ್ಲ. ಹುಡುಗಿಯರ ತಂಡಗಳಿಗೂ ಅದೇ ವಿರಾಮದಲ್ಲಿ ಸಮಪಾಲು ಸಿಗಬೇಕು. ಹಾಕಿ ಕೋಲು ಹಿಡಿದ ಹೆಣ್ಣುಮಕ್ಕಳನ್ನು ಕಂಡು ಬೆಳೆದ ಈ ಜಿಲ್ಲೆಯಲ್ಲಿ ಇದನ್ನು ವಾದಿಸಿ ಒಪ್ಪಿಸಬೇಕಾದ ಅಗತ್ಯ ಬೀಳಬಾರದು.

ಇದರ ಇನ್ನೊಂದು ಮುಖವೆಂದರೆ ಆಟಗಾರರು ಶಾಲೆಗೆ ಹೋಗುವುದು. ಇಪ್ಪತ್ತು ಆಟಗಾರರಿರುವ ಕ್ಲಬ್ ಸುತ್ತಲಿನ ಹತ್ತು ಶಾಲೆಗಳನ್ನು ಇಬ್ಬಿಬ್ಬರಿಗೆ ಹಂಚಿಕೊಟ್ಟು, ತಿಂಗಳಿಗೊಮ್ಮೆ ಅದೇ ಇಬ್ಬರು ಅದೇ ಶಾಲೆಗೆ ಹೋಗಿ ಒಂದು ಗಂಟೆ ಆಡಿಸಿ ಬರುವಂತೆ ಮಾಡಿದರೆ, ವರ್ಷದೊಳಗೆ ಆ ಮಕ್ಕಳಿಗೆ ಅವರಿಬ್ಬರೂ ಅಣ್ಣಂದಿರಾಗುತ್ತಾರೆ. ಭಾನುವಾರ ಆ ಅಣ್ಣ ಎಡಬದಿಯಲ್ಲಿ ಚೆಂಡು ಒಯ್ಯುವಾಗ ಹೆಸರು ಕೂಗುವ ಇಪ್ಪತ್ತು ಗಂಟಲುಗಳಿರುತ್ತವೆ. ಬಾಡಿಗೆಗೆ ಬಂದ ಆಟಗಾರ ಎಷ್ಟೇ ಚೆನ್ನಾಗಿ ಆಡಿದರೂ ಇದನ್ನು ಕೊಡಲಾರ. ಪ್ರತಿ ಪಂದ್ಯದಲ್ಲಿ ಊರಿನಲ್ಲೇ ಬೆಳೆದ ಕನಿಷ್ಠ ನಾಲ್ವರು ಮೈದಾನದಲ್ಲಿರಬೇಕೆಂದು ಕ್ಲಬ್ ತಾನೇ ನಿಯಮ ಮಾಡಿಕೊಂಡರೆ ಒಂದೆರಡು ಪಂದ್ಯ ಸೋಲಬಹುದು. ಆದರೂ ಆ ನಿಯಮ ಬೇಕೆಂದೇ ನಾನು ಹೇಳುತ್ತೇನೆ.

ಗೆದ್ದರೆ ಜನ ತಾವಾಗಿ ಬರುತ್ತಾರೆ ಎಂಬ ನಂಬಿಕೆ ನಮ್ಮ ಕ್ಲಬ್ಬುಗಳ ಪದಾಧಿಕಾರಿಗಳಲ್ಲಿ ಆಳವಾಗಿದೆ. ಅದರಲ್ಲಿ ಅರ್ಧ ಸತ್ಯವಿದೆ. ರಾಬರ್ಟ್ ಸಿಯಾಲ್ದಿನಿ ಮತ್ತು ಅವರ ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ ಗೆದ್ದ ವಾರಾಂತ್ಯದ ಬಳಿಕ ಸೋಮವಾರ ಹೆಚ್ಚು ವಿದ್ಯಾರ್ಥಿಗಳು ತಮ್ಮ ವಿಶ್ವವಿದ್ಯಾಲಯದ ಹೆಸರು ಅಥವಾ ಲಾಂಛನವುಳ್ಳ ಉಡುಪು ತೊಟ್ಟಿದ್ದು ಕಂಡುಬಂದಿತ್ತು. ಗೆದ್ದ ಪಂದ್ಯದ ಬಗ್ಗೆ ಹೇಳುವಾಗ ‘ನಾವು’ ಎಂಬ ಮಾತು ಸೋತ ಪಂದ್ಯದ ಬಗ್ಗೆ ಹೇಳುವಾಗಿನದಕ್ಕಿಂತ ಹೆಚ್ಚಾಗಿ ಬರುತ್ತಿತ್ತು. ಗೆಲುವು ‘ನಾವು’ ಎನ್ನುವವರನ್ನು ಹೆಚ್ಚಿಸುತ್ತದೆ, ನಿಜ. ಆದರೆ ಗೆಲುವು ಕಣ್ಣಿಗೆ ಬೀಳಬೇಕು, ಹತ್ತಿರದ್ದಾಗಿರಬೇಕು. 2023ರ ಮಾರ್ಚ್ 4ರಂದು ಕರ್ನಾಟಕ ತಂಡವು ಮೇಘಾಲಯವನ್ನು 3-2ರಿಂದ ಸೋಲಿಸಿ, 1968-69ರ ಬಳಿಕ ಮೊದಲ ಬಾರಿಗೆ, ಅಂದರೆ 54 ವರ್ಷಗಳ ಅನಂತರ, ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಆ ಅಂತಿಮ ಪಂದ್ಯ ನಡೆದದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ಅದಕ್ಕೂ ಹಿಂದಿನ ವರ್ಷ ಕೇರಳವು ಅದೇ ಟ್ರೋಫಿಯನ್ನು ತನ್ನದೇ ನೆಲದಲ್ಲಿ, ಮಲಪ್ಪುರಂ ಜಿಲ್ಲೆಯ ಮಂಜೇರಿಯಲ್ಲಿ, ಕಿಕ್ಕಿರಿದ ಗ್ಯಾಲರಿಗಳ ಮುಂದೆ ಗೆದ್ದಿತ್ತು. ವಿರಾಜಪೇಟೆಯ ಹುಡುಗರನ್ನು ಕೇಳಿದರೆ ಮಂಜೇರಿಯ ರಾತ್ರಿಯ ಕಥೆ ಹೇಳುವವರು ಸಿಗುತ್ತಾರೆ. ರಿಯಾದ್‌ನಲ್ಲಿ ಗೋಲು ಹೊಡೆದವರ ಹೆಸರು ಹೇಳುವವರು ನನಗಂತೂ ಸಿಕ್ಕಿಲ್ಲ.

ಟಿಕೆಟ್ ದರದ ಪ್ರಶ್ನೆ ತುಸು ಗೋಜಲಿನದು. ಉಚಿತವಾಗಿ ಬಿಟ್ಟರೆ ಜನ ಬರುತ್ತಾರೆ ಎಂದು ತೋರುವುದು ಸಹಜ. ಆದರೆ ಉಚಿತವಾದದ್ದನ್ನು ತಪ್ಪಿಸಿಕೊಂಡರೆ ನಷ್ಟವಾಯಿತೆಂದು ಯಾರಿಗೂ ಅನ್ನಿಸುವುದಿಲ್ಲ. ಅಮೆರಿಕದ ಓಹಾಯೊ ವಿಶ್ವವಿದ್ಯಾಲಯದ ರಂಗಮಂದಿರದಲ್ಲಿ ಹಾಲ್ ಆರ್ಕ್ಸ್ ಮತ್ತು ಕ್ಯಾಥರಿನ್ ಬ್ಲೂಮರ್ ನಡೆಸಿ 1985ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ತೋರಿಸುತ್ತದೆ. ಇಡೀ ವರ್ಷದ ನಾಟಕಗಳ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ಣ ಬೆಲೆ, ಅಂದರೆ 15 ಡಾಲರ್ ಹಾಕಿದರು. ಕೆಲವರಿಗೆ 2 ಡಾಲರ್, ಇನ್ನು ಕೆಲವರಿಗೆ 7 ಡಾಲರ್ ರಿಯಾಯಿತಿ ಕೊಟ್ಟರು. ಯಾರಿಗೆ ಯಾವ ಬೆಲೆ ಎಂಬುದನ್ನು ಚೀಟಿ ಎತ್ತಿದಂತೆ, ಯಾವ ಆಯ್ಕೆಯೂ ಇಲ್ಲದೆ ಹಂಚಲಾಗಿತ್ತು. ಪೂರ್ಣ ಬೆಲೆ ಕೊಟ್ಟವರೇ ವರ್ಷದ ಮೊದಲರ್ಧದಲ್ಲಿ ಹೆಚ್ಚು ನಾಟಕಗಳಿಗೆ ಬಂದರು. ಎರಡನೆಯ ಅರ್ಧದಲ್ಲಿ ಆ ವ್ಯತ್ಯಾಸ ಉಳಿಯಲಿಲ್ಲ ಎಂಬುದನ್ನೂ ಗಮನಿಸಬೇಕು. ಕೊಟ್ಟ ದುಡ್ಡಿನ ನೆನಪು ಕೆಲವು ತಿಂಗಳು ಮಾತ್ರ ಜನರನ್ನು ತರುತ್ತದೆ, ಆಮೇಲೆ ಬೇರೆ ಏನಾದರೂ ಬೇಕು.

ಇದರ ಅರ್ಥ ದರ ಏರಿಸಬೇಕೆಂದಲ್ಲ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಸಿಟಿ ಕ್ಲಬ್ 2007ರಲ್ಲಿ ನಾಲ್ಕನೆಯ ಹಂತದ ಲೀಗಿಗೆ ಕುಸಿದಾಗ ಇಡೀ ಋತುವಿನ ಟಿಕೆಟ್ಟನ್ನು 138 ಪೌಂಡಿಗೆ ಇಳಿಸಿತು. ಆ ಹಂತದಲ್ಲಿ ಅಪರೂಪವೆನ್ನಿಸುವಂತೆ ಸರಾಸರಿ 13,000ಕ್ಕೂ ಹೆಚ್ಚು ಜನ ಅದರ ಪಂದ್ಯಗಳಿಗೆ ಬಂದರು. ಇಲ್ಲಿ ಕೆಲಸ ಮಾಡಿದ್ದು ಎರಡು ಸಂಗತಿಗಳು: ಬೆಲೆ ಕೈಗೆಟುಕುವಂತಿತ್ತು, ಆದರೆ ಸೊನ್ನೆಯಾಗಿರಲಿಲ್ಲ, ಮತ್ತು ಇಡೀ ಋತುವಿಗೆ ಒಮ್ಮೆಗೇ ಕೊಂಡದ್ದರಿಂದ ಪ್ರತಿ ವಾರ ಹೋಗಲೋ ಬೇಡವೋ ಎಂದು ಹೊಸದಾಗಿ ತೀರ್ಮಾನಿಸುವ ತೊಂದರೆ ಇರಲಿಲ್ಲ. ಕೊಡಗಿನ ಕ್ಲಬ್ ಶಾಲಾ ಮಕ್ಕಳಿಗೆ ಇಡೀ ವರ್ಷಕ್ಕೆ ಐವತ್ತು ರೂಪಾಯಿಯ ಒಂದು ಕಾರ್ಡು ಕೊಟ್ಟು, ಅದರಲ್ಲಿ ಮಗುವಿನ ಹೆಸರು ಬರೆದು, ಬಂದ ಪ್ರತಿ ಪಂದ್ಯಕ್ಕೂ ಒಂದು ಮುದ್ರೆ ಒತ್ತಿದರೆ ಸಾಕು. ಮುದ್ರೆಯ ಹುಚ್ಚು ಮಕ್ಕಳಿಗೆ ಎಷ್ಟಿರುತ್ತದೆಂದು ಬಲ್ಲವರು ಬಲ್ಲರು.

ಇಷ್ಟೆಲ್ಲ ಮಾಡಿಯೂ ದಿನ ಮತ್ತು ಹೊತ್ತನ್ನು ತಪ್ಪಾಗಿ ಆರಿಸಿದರೆ ಎಲ್ಲವೂ ವ್ಯರ್ಥ, ಏಕೆಂದರೆ ಕೊಡಗಿನ ಪಂಚಾಂಗ ಬೇರೆ ಊರುಗಳದ್ದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಮೈದಾನವನ್ನು ನಾಟಿಯ ಗದ್ದೆಯಾಗಿಸುತ್ತದೆ. ಮಾರ್ಚ್ ಪರೀಕ್ಷೆಗಳ ತಿಂಗಳು. ಏಪ್ರಿಲ್ ಮತ್ತು ಮೇ ಹಾಕಿ ನಮ್ಮೆಗೂ ಮದುವೆಗಳಿಗೂ ಸೇರಿದ್ದು, ಜೊತೆಗೆ ವಾರಾಂತ್ಯದ ಮಧ್ಯಾಹ್ನಗಳಲ್ಲಿ ಐಪಿಎಲ್ ಕೂಡ ಇರುತ್ತದೆ. ಉಳಿಯುವುದು ಅಕ್ಟೋಬರ್‌ನಿಂದ ಫೆಬ್ರುವರಿ. ಅದರಲ್ಲಿಯೂ ಅಕ್ಟೋಬರ್ ನಡುವೆ ಕಾವೇರಿ ಸಂಕ್ರಮಣ, ನವೆಂಬರ್-ಡಿಸೆಂಬರ್ ಹೊತ್ತಿಗೆ ಸುಗ್ಗಿಯ ಹಬ್ಬ ಪುತ್ತರಿ ಬರುತ್ತವೆ. ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ ಎಂದು ಕಾಫಿ ಕೊಯ್ಲು ನಡೆಯುತ್ತಿರುತ್ತದೆ. ಕೊಯ್ಲಿನ ದಿನಗಳಲ್ಲಿ ಬೆಳೆಗಾರನಿಗೂ ಕಾರ್ಮಿಕನಿಗೂ ಬಿಡುವು ಸಿಗುವುದು ಭಾನುವಾರ ಮಾತ್ರ, ಮತ್ತು ಸಿದ್ದಾಪುರದಂತಹ ಊರುಗಳಲ್ಲಿ ಭಾನುವಾರವೇ ಸಂತೆ. ಇದನ್ನು ಅಡ್ಡಿಯೆಂದು ತಿಳಿಯುವ ಬದಲು ಅನುಕೂಲವೆಂದು ತಿಳಿಯಬಹುದು. ಸುತ್ತಲಿನ ತೋಟಗಳಿಂದ ಜನ ಹೇಗೂ ಪೇಟೆಗೆ ಬಂದಿರುತ್ತಾರೆ. ಸಂತೆಯ ಚೀಲಗಳನ್ನು ಜೋಪಾನವಾಗಿ ಇಟ್ಟುಕೊಳ್ಳಲು ಮೈದಾನದ ಬಾಗಿಲಲ್ಲಿ ಒಂದು ಜಾಗವಿದ್ದರೆ ಸಾಕು, ಅವರಲ್ಲಿ ಒಂದು ಪಾಲು ಆಟ ನೋಡಿಯೇ ಹೋಗುತ್ತದೆ.

ಹೊತ್ತಿನ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು ಬೇಕು. ಡಿಸೆಂಬರಿನಲ್ಲಿ ಆರು ಗಂಟೆಗೆ ಕತ್ತಲಾಗುತ್ತದೆ. ಒಳಗಿನ ಊರುಗಳ ಕೊನೆಯ ಬಸ್ಸು ಬೇಗ ಹೊರಡುತ್ತದೆ. ಸಿದ್ದಾಪುರ, ಅಮ್ಮತ್ತಿ, ಮಾಲ್ದಾರೆ ಕಡೆಯ ರಸ್ತೆಗಳಲ್ಲಿ ಮುಸ್ಸಂಜೆಯ ಬಳಿಕ ಕಾಡಾನೆ ಎದುರಾಗುವ ಭಯ ಬರೀ ಮಾತಿನದಲ್ಲ, ಅಲ್ಲಿನವರ ನಿತ್ಯದ ಅನುಭವ. ನಾಲ್ಕೂವರೆಗೆ ಶುರುವಾಗಬೇಕಾದ ಪಂದ್ಯ ಅತಿಥಿಗಳಿಗಾಗಿ ಕಾದು ಐದಕ್ಕೆ ಶುರುವಾದರೆ ಯಾವ ತಾಯಿಯೂ ಮಗಳನ್ನು ಕಳುಹಿಸುವುದಿಲ್ಲ, ಕಳುಹಿಸಬಾರದು ಕೂಡ. ಮೂರು ಗಂಟೆಗೆ ಸರಿಯಾಗಿ ಶಿಳ್ಳೆ ಊದಿದರೆ ಐದರೊಳಗೆ ಎಲ್ಲ ಮುಗಿದು, ಎಲ್ಲರೂ ಬೆಳಕಿರುವಾಗಲೇ ಮನೆ ಸೇರುತ್ತಾರೆ. ಭಾಷಣಗಳನ್ನು ಋತುವಿನ ಕೊನೆಯ ದಿನಕ್ಕೆ ಮುಂದೂಡಬಹುದು, ಅಥವಾ ಬಿಟ್ಟೇಬಿಡಬಹುದು.

ಮೂರು ಗಂಟೆಯ ಶಿಳ್ಳೆಗೆ ಇನ್ನೊಂದು ಲಾಭವೂ ಇದೆ. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಫುಟ್‌ಬಾಲ್ ಪಂದ್ಯಗಳನ್ನು ಅಲ್ಲಿನ ಟಿವಿಯಲ್ಲಿ ನೇರವಾಗಿ ತೋರಿಸುವುದಕ್ಕೆ 1960ರ ದಶಕದಿಂದಲೂ ನಿರ್ಬಂಧವಿದೆ. ದೊಡ್ಡ ಪಂದ್ಯ ನೋಡುತ್ತ ಜನ ಮನೆಯಲ್ಲಿ ಕುಳಿತರೆ ಕೆಳಹಂತದ ಕ್ಲಬ್ಬುಗಳ ಗ್ಯಾಲರಿ ಬರಿದಾಗುತ್ತದೆ ಎಂಬುದೇ ಅದಕ್ಕೆ ಕಾರಣ. ನಮಗೆ ಇಂತಹ ನಿರ್ಬಂಧದ ಅಗತ್ಯವಿಲ್ಲ, ಭೂಮಿಯ ತಿರುಗುವಿಕೆಯೇ ಆ ಉಪಕಾರವನ್ನು ಮಾಡಿದೆ. ಅಲ್ಲಿನ ಮೂರು ಗಂಟೆಯ ಪಂದ್ಯ ಚಳಿಗಾಲದಲ್ಲಿ ನಮ್ಮಲ್ಲಿ ರಾತ್ರಿ 8.30ಕ್ಕೆ ಬರುತ್ತದೆ. ಆದ್ದರಿಂದ ವಿದೇಶಿ ಕ್ಲಬ್ಬಿನ ಅಂಗಿ ತೊಟ್ಟ ಹುಡುಗನನ್ನು ಹಂಗಿಸುವ ಬದಲು ಅದೇ ಅಂಗಿಯಲ್ಲಿ ಮೈದಾನಕ್ಕೆ ಬರಹೇಳುವುದು ಜಾಣತನ. ಮಧ್ಯಾಹ್ನ ಊರಿನ ತಂಡ, ರಾತ್ರಿ ದೂರದ ತಂಡ ಎಂದು ಇಬ್ಬರನ್ನೂ ಇಟ್ಟುಕೊಳ್ಳಲು ಅವನಿಗೆ ಯಾವ ಕಷ್ಟವೂ ಇಲ್ಲ.

ಹದಿಹರೆಯದವರನ್ನು ಉಳಿಸಿಕೊಳ್ಳುವ ದಾರಿ ಮಕ್ಕಳ ದಾರಿಗಿಂತ ಭಿನ್ನ. ಅವರಿಗೆ ಸದ್ದು ಬೇಕು, ಗುಂಪು ಬೇಕು, ದೊಡ್ಡವರ ಕಣ್ಣಿನಿಂದ ತುಸು ದೂರವಿರುವ ಮೂಲೆ ಬೇಕು. 2013ರಲ್ಲಿ ಹುಟ್ಟಿ ಮೊದಲ ವರ್ಷವೇ ದೇಶದ ಅಂದಿನ ಪ್ರಮುಖ ಫುಟ್‌ಬಾಲ್ ಲೀಗ್ ಆದ ಐ-ಲೀಗ್ ಗೆದ್ದ ಬೆಂಗಳೂರು ಎಫ್‌ಸಿಗೆ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಬಳಗ ಇರುವಂತೆ, ಕೇರಳ ಬ್ಲಾಸ್ಟರ್ಸ್‌ಗೆ ಮಂಜಪ್ಪಡ ಇರುವಂತೆ, ಊರಿನ ಕ್ಲಬ್ಬಿಗೂ ಗೋಲಿನ ಹಿಂದೆ ಒಂದು ಮೂಲೆಯನ್ನು ಯುವಕರಿಗೆ ಬಿಟ್ಟುಕೊಡಬಹುದು. ವಾಲಗದವರೂ ಚೆಂಡೆಯವರೂ ಇರುವ ಜಿಲ್ಲೆಯಲ್ಲಿ ತಾಳಕ್ಕೆ ಕೊರತೆಯಿಲ್ಲ. ಆದರೆ ಆ ಮೂಲೆಯಿಂದ ಬೈಗುಳ ಹೊರಟರೆ ಎದುರು ಬದಿಯಲ್ಲಿರುವ ಕುಟುಂಬಗಳು ಮುಂದಿನ ವಾರ ಬರುವುದಿಲ್ಲ. ಈ ಎರಡು ಗುಂಪುಗಳನ್ನು ದೂರದೂರ ಕೂರಿಸುವುದು, ಮತ್ತು ಮೂಲೆಯ ಹೊಣೆಯನ್ನು ಆ ಯುವಕರಲ್ಲೇ ಇಬ್ಬರಿಗೆ ವಹಿಸುವುದು ಪೊಲೀಸರನ್ನು ನಿಲ್ಲಿಸುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಹೆಣ್ಣುಮಕ್ಕಳು ಬರುತ್ತಿಲ್ಲ ಎಂದು ದೂರುವ ಮುನ್ನ ಮೈದಾನದಲ್ಲಿ ಬೀಗ ಹಾಕದ, ನೀರಿರುವ ಶೌಚಾಲಯ ಇದೆಯೇ ಎಂದು ಒಮ್ಮೆ ನೋಡಬೇಕು. ಇದು ಪ್ರಚಾರದ ಯಾವ ಯೋಜನೆಯಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಇಂತಹ ಶೌಚಾಲಯವಿಲ್ಲದ ಮೈದಾನಕ್ಕೆ ಒಮ್ಮೆ ಬಂದ ಹೆಂಗಸು ಎರಡನೇ ಸಲ ಬರುವುದೂ ಇಲ್ಲ.

ಮೊಬೈಲಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಇಡೀ ಋತುವಿನ ಪಂದ್ಯಗಳ ದಿನಾಂಕಗಳು ಒಂದೇ ಚಿತ್ರದಲ್ಲಿ ಶಾಲೆಗಳ ಮತ್ತು ಊರಿನ ವಾಟ್ಸ್‌ಆ್ಯಪ್ ಗುಂಪುಗಳಿಗೆ ತಲುಪಿದರೆ, ಗೋಲಿನ ಅರ್ಧ ನಿಮಿಷದ ವಿಡಿಯೊ ಅಂದೇ ಸಂಜೆ ಹೋದರೆ ಸಾಕು. ದಿನಾಂಕ ಪದೇ ಪದೇ ಬದಲಾಗುತ್ತಿದ್ದರೆ ಎಷ್ಟು ಚೆಂದದ ಪೋಸ್ಟರ್ ಮಾಡಿದರೂ ಪ್ರಯೋಜನವಿಲ್ಲ.

ಕೊನೆಯದಾಗಿ ಎಣಿಕೆಯ ಮಾತು. ಬಹುತೇಕ ಕ್ಲಬ್ಬುಗಳು ‘ಒಳ್ಳೆಯ ಜನ ಇದ್ದರು’ ಎಂಬುದರಾಚೆಗೆ ಏನನ್ನೂ ಬರೆದಿಡುವುದಿಲ್ಲ. ಬಾಗಿಲಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕುಳಿತು ದೊಡ್ಡವರೆಷ್ಟು, ಮಕ್ಕಳೆಷ್ಟು ಎಂದು ಗೆರೆ ಎಳೆದರೆ ಒಂದು ಋತು ಮುಗಿಯುವ ಹೊತ್ತಿಗೆ ಯಾವ ಹೊತ್ತು, ಯಾವ ಎದುರಾಳಿ, ಯಾವ ಶಾಲೆಯ ಮಕ್ಕಳು ಬಂದ ದಿನ ಜನ ಹೆಚ್ಚಿದ್ದರು ಎಂಬುದು ಊಹೆಯಿಲ್ಲದೆ ತಿಳಿಯುತ್ತದೆ. ಒಟ್ಟು ತಲೆಗಳಿಗಿಂತ ಮುಖ್ಯವಾದ ಇನ್ನೊಂದು ಅಂಕಿ ಮಕ್ಕಳ ಕಾರ್ಡಿನಲ್ಲಿಯೇ ಸಿಗುತ್ತದೆ. ಒಂದು ಮುದ್ರೆ ಬಿದ್ದ ಕಾರ್ಡುಗಳು ನೂರಿದ್ದು, ಮೂರು ಮುದ್ರೆ ಬಿದ್ದವು ಐದೇ ಇದ್ದರೆ ಕ್ಲಬ್ ಇನ್ನೂ ಜಾತ್ರೆಯನ್ನೇ ನಡೆಸುತ್ತಿದೆ ಎಂದು ತಿಳಿಯಬೇಕು. ಆ ಐದು ಮಕ್ಕಳು ಯಾವ ಶಾಲೆಯವರು, ಯಾರ ಜೊತೆ ಬಂದರು, ಯಾವ ಆಟಗಾರನ ಹೆಸರು ಕೂಗುತ್ತಿದ್ದರು ಎಂದು ವಿಚಾರಿಸಿದರೆ ಮುಂದಿನ ಋತುವಿನಲ್ಲಿ ಮೊದಲು ಯಾವ ಶಾಲೆಗೆ ಹೋಗಬೇಕೆಂಬುದು ಗೊತ್ತಾಗುತ್ತದೆ.